ಮದುವೆಗೆ ಫೋಟೊದವರನ್ನು ಗೊತ್ತು ಮಾಡುವ ಮುನ್ನ: ಊರಿನ ಸ್ಟುಡಿಯೊ, ಕ್ಯಾಂಡಿಡ್‌ನವರು, ಬೆಂಗಳೂರಿನ ತಂಡ

ಛತ್ರ ಗೊತ್ತಾಗಿ, ಅಡುಗೆಯವರಿಗೆ ಅಡ್ವಾನ್ಸ್ ಹೋದ ಮೇಲೆ ಬಹಳ ಮನೆಗಳಲ್ಲಿ ಮಾತು ಫೋಟೊದವರ ವಿಚಾರಕ್ಕೆ ಬಂದು ನಿಲ್ಲುತ್ತದೆ. ಅಪ್ಪನಿಗೆ ಊರಿನ ಸ್ಟುಡಿಯೊದವರೇ ಆಗಬೇಕು. ದೊಡ್ಡ ಮಗಳ ಮದುವೆ, ಗೃಹಪ್ರವೇಶ ಎರಡನ್ನೂ ತೆಗೆದವರು ಅವರೇ. ಮದುಮಗಳಿಗೆ ಇನ್‌ಸ್ಟಾಗ್ರಾಂನಲ್ಲಿ ಕಂಡ ಬೆಂಗಳೂರಿನ ತಂಡ ಬೇಕು. ಛತ್ರದವರು ಡೆಕೊರೇಷನ್ ಜೊತೆಗೇ ಫೋಟೊ, ವಿಡಿಯೊ ಸೇರಿಸಿ ಒಂದೇ ರೇಟು ಹೇಳುತ್ತಾರೆ. ತಮ್ಮನ ಮಗ ಹೊಸ ಕ್ಯಾಮೆರಾ ಕೊಂಡಿದ್ದಾನೆ, ‘ನಾನೇ ತೆಗೀತೀನಿ ಬಿಡಿ ದೊಡ್ಡಪ್ಪ’ ಎನ್ನುತ್ತಾನೆ.

ಕೊಟೇಶನ್‌ಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೂತರೆ ತೀರ್ಮಾನ ಆಗುವುದಿಲ್ಲ. ಒಬ್ಬರು ಆಲ್ಬಂ ಸೇರಿಸಿರುತ್ತಾರೆ, ಇನ್ನೊಬ್ಬರು ಸೇರಿಸಿರುವುದಿಲ್ಲ. ಒಬ್ಬರ ‘ಎರಡು ದಿನ’ದಲ್ಲಿ ಮನೆಯ ಚಪ್ಪರ ಶಾಸ್ತ್ರವೂ ಬರುತ್ತದೆ, ಇನ್ನೊಬ್ಬರದು ಆರತಕ್ಷತೆಯ ಸಂಜೆ ಶುರುವಾಗಿ ಮಾರನೆಯ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಹಾಗಾಗಿ ರೇಟು ಕೇಳುವುದಕ್ಕೂ ಮೊದಲು ನಿಮ್ಮ ಮದುವೆಗೆ ಏನು ಬೇಕು ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಕ್ಯಾಮೆರಾ ಯಾವುದು ಎಂಬ ಪ್ರಶ್ನೆಗಿಂತ, ಎಷ್ಟು ಜನ ಬರುತ್ತಾರೆ, ಯಾರು ಬರುತ್ತಾರೆ ಎಂಬ ಪ್ರಶ್ನೆಯೇ ನಮ್ಮ ಕಡೆಯ ಮದುವೆಗಳಲ್ಲಿ ದೊಡ್ಡದು. ಅದು ಯಾಕೆ ಎಂಬುದು ಗಂಟೆ ಎಣಿಸಿದರೆ ತಿಳಿಯುತ್ತದೆ.

ಮೊದಲು ಗಂಟೆ ಎಣಿಸಿ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಆರತಕ್ಷತೆ ಸಾಮಾನ್ಯವಾಗಿ ಮುಹೂರ್ತದ ಹಿಂದಿನ ಸಂಜೆಯೇ ನಡೆಯುತ್ತದೆ. ಸಂಜೆ 4ಕ್ಕೆ ಛತ್ರಕ್ಕೆ ಬಂದು ಹೆಣ್ಣಿನ ಅಲಂಕಾರ, ವರಪೂಜೆ, 7ರಿಂದ 11ರವರೆಗೆ ಆರತಕ್ಷತೆ. ಬ್ರಾಹ್ಮೀ ಮುಹೂರ್ತ ಇಟ್ಟಿದ್ದರೆ ಬೆಳಗಿನ ಜಾವ 3ಕ್ಕೆ ಮಂಗಳಸ್ನಾನ, 5ರ ಸುಮಾರಿಗೆ ಧಾರೆ. ಆಮೇಲೆ ಹೋಮ, ಸಪ್ತಪದಿ, ಅರುಂಧತಿ ದರ್ಶನ, ನೆಂಟರ ಗುಂಪು ಫೋಟೊ, ಭೂಮದ ಊಟ, ಹೆಣ್ಣು ಒಪ್ಪಿಸುವುದು. ಎಲ್ಲ ಮುಗಿಯುವಾಗ ಮಧ್ಯಾಹ್ನ 1 ಗಂಟೆ. ಒಬ್ಬನೇ ಕ್ಯಾಮೆರಾದವನು ಇಷ್ಟನ್ನೂ ತೆಗೆದರೆ 21 ಗಂಟೆಯ ಕೆಲಸ, ನಡುವೆ ಮೂರು ಗಂಟೆ ನಿದ್ದೆ ಸಿಕ್ಕರೆ ಹೆಚ್ಚು. ಮಾಂಗಲ್ಯದ ಫೋಟೊ ಅಲುಗಾಡಿತು, ಫೋಕಸ್ ಪುರೋಹಿತರ ಭುಜದ ಮೇಲೆ ಕೂತಿತು ಎಂಬ ದೂರುಗಳ ಹಿಂದೆ ಬಹಳ ಸಲ ಈ ದಣಿವೇ ಇರುತ್ತದೆ.

ಆರತಕ್ಷತೆಯ ಲೆಕ್ಕವನ್ನೂ ನೋಡಿ. ಸಾವಿರ ಜನ ಬರುತ್ತಾರೆ, ನಾಲ್ಕು ನಾಲ್ಕು ಜನರಾಗಿ ವೇದಿಕೆ ಹತ್ತುತ್ತಾರೆ ಎಂದುಕೊಂಡರೆ 250 ಗುಂಪು. ನಾಲ್ಕು ಗಂಟೆಯಲ್ಲಿ ಒಂದೊಂದು ಗುಂಪಿಗೆ ಒಂದೇ ನಿಮಿಷ ಸಿಗುತ್ತದೆ. ವೇದಿಕೆಯ ಎದುರು ನಿಂತ ಫೋಟೊಗ್ರಾಫರ್ ಅಲ್ಲಿಂದ ಒಂದು ಹೆಜ್ಜೆ ಸರಿಯುವಂತಿಲ್ಲ. ಅದೇ ಹೊತ್ತಿಗೆ ಮುಂದಿನ ಸಾಲಿನಲ್ಲಿ ಕೂತ ಅಜ್ಜಿ ಮೊಮ್ಮಗಳನ್ನು ನೋಡುತ್ತಿರುವುದು, ಊಟದ ಹಾಲಿನಲ್ಲಿ ಬೀಗರಿಗೆ ಉಪಚಾರ ನಡೆಯುತ್ತಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಕ್ಯಾಂಡಿಡ್, ಅಂದರೆ ಪೋಸು ಕೊಡಿಸದೆ ಸಹಜವಾಗಿ ತೆಗೆದ ಫೋಟೊ, ಬೇಕು ಎನ್ನುವವರು ಎರಡನೆಯ ಫೋಟೊಗ್ರಾಫರ್‌ಗೆ ದುಡ್ಡು ಇಡಲೇಬೇಕು. ‘ನಾನೇ ಎರಡನ್ನೂ ಮಾಡ್ತೀನಿ’ ಎಂಬ ಭರವಸೆ ವೇದಿಕೆಯ ಸಾಲು ಶುರುವಾಗುವವರೆಗೆ ಮಾತ್ರ ನಡೆಯುತ್ತದೆ.

ಮುನ್ನೂರು ಜನರ ಮದುವೆ, 10 ಗಂಟೆಯ ಮುಹೂರ್ತ, ಆರತಕ್ಷತೆಯೂ ಅದೇ ದಿನ ಎಂದಾದರೆ ಈ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ಆಗ ಒಬ್ಬ ಫೋಟೊಗ್ರಾಫರ್, ಒಬ್ಬ ವಿಡಿಯೊದವರು ಸಾಕು.

ಅಳೆಯಬೇಕಾದ ನಾಲ್ಕು ವಿಷಯ

ಮೊದಲನೆಯದು, ನಿಮ್ಮ ಮದುವೆಗೆ ಬರುವ ಕೈ ಯಾವುದು. ಆಷಾಢ, ಪಿತೃಪಕ್ಷ, ಧನುರ್ಮಾಸ ಬಿಟ್ಟು ಉಳಿದ ತಿಂಗಳುಗಳಲ್ಲೂ ಒಳ್ಳೆಯ ಮುಹೂರ್ತದ ದಿನಗಳು ಕೆಲವೇ. ಒಂದೇ ದಿನ ಊರಿನ ಎಲ್ಲ ಛತ್ರಗಳೂ ತುಂಬಿರುತ್ತವೆ, ಹೆಸರುವಾಸಿ ಸ್ಟುಡಿಯೊ ಮೂರು ಮದುವೆ ಒಪ್ಪಿಕೊಂಡಿರುತ್ತದೆ. ಮಾಲೀಕರು ಒಂದಕ್ಕೆ ಹೋಗುತ್ತಾರೆ, ಉಳಿದೆರಡಕ್ಕೆ ದಿನಗೂಲಿಯ ಮೇಲೆ ಹೊರಗಿನವರು. ಅದರಲ್ಲಿ ತಪ್ಪೇನಿಲ್ಲ, ಹೊರಗಿನಿಂದ ಬರುವವರಲ್ಲಿ ಬಹಳ ಚೆನ್ನಾಗಿ ತೆಗೆಯುವವರಿದ್ದಾರೆ. ಆದರೆ ನೀವು ನೋಡಿ ಮೆಚ್ಚಿದ ಆಲ್ಬಂ ಯಾರ ಕೈಯದು, ನಿಮ್ಮ ಮದುವೆಗೆ ಬರುವವರು ಅವರೇ ಹೌದೇ ಎಂದು ಬಾಯಿಬಿಟ್ಟು ಕೇಳಬೇಕು. ಹೆಸರು ಒಪ್ಪಂದದಲ್ಲಿ ಬರಲಿ.

ಎರಡನೆಯದು ಬೆಳಕು. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಒಳ್ಳೆಯವರೂ ಸಾಧಾರಣದವರೂ ಬೇರೆಯಾಗುವುದು ಇಲ್ಲೇ. ಹೊರಗೆ ಬಿಸಿಲಿನಲ್ಲಿ ತೆಗೆದ ಪ್ರಿವೆಡ್ಡಿಂಗ್ ಫೋಟೊ ಯಾರದಾದರೂ ಚೆನ್ನಾಗಿಯೇ ಕಾಣುತ್ತದೆ. ಬೆಳಿಗ್ಗೆ 5ಕ್ಕೆ ಛತ್ರದ ಒಳಗೆ ಹಗಲಿನ ಬೆಳಕಿಲ್ಲ. ರಾತ್ರಿ 11ರ ಮೇಲೆ ಡೆಕೊರೇಷನ್‌ನವರು ಆರತಕ್ಷತೆಯ ಹಿನ್ನೆಲೆ ಬಿಚ್ಚಿ ಅದೇ ವೇದಿಕೆಯ ಮೇಲೆ ಮಂಟಪ ಕಟ್ಟಿರುತ್ತಾರೆ, ದೀಪಗಳ ಜಾಗವೂ ಬದಲಾಗಿರುತ್ತದೆ. ವೇದಿಕೆಗೆ ಬಿಡುವ ನೇರಳೆ, ಗುಲಾಬಿ ಬಣ್ಣದ ದೀಪ (ಪಾರ್ ಲೈಟು) ಅರಿಶಿನ ಹಚ್ಚಿದ ಮುಖದ ಮೇಲೆ ಬಿದ್ದರೆ ಚರ್ಮದ ಬಣ್ಣ ಕೆಡುತ್ತದೆ, ಆಮೇಲೆ ಕಂಪ್ಯೂಟರಿನಲ್ಲಿ ಪೂರ್ತಿ ಸರಿ ಮಾಡಲು ಬರುವುದಿಲ್ಲ. ನಮ್ಮ ಕರೆಂಟು 50 ಹರ್ಟ್ಸ್‌ನದು. ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಷಟರ್ ವೇಗವನ್ನು (ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು) ಸೆಕೆಂಡಿನ 50ನೇ ಅಥವಾ 100ನೇ ಒಂದು ಭಾಗಕ್ಕೆ ಹೊಂದಿಸದಿದ್ದರೆ ವಿಡಿಯೊದಲ್ಲಿ ಪಟ್ಟೆ ಪಟ್ಟೆ ಓಡುತ್ತದೆ, ಫೋಟೊದಲ್ಲಿ ಅರ್ಧ ಮುಖ ಕಪ್ಪಾಗುತ್ತದೆ. ವೇದಿಕೆಯ ಹಿಂದೆ ಎಲ್‌ಇಡಿ ಪರದೆ ಇಟ್ಟರೆ ಈ ತೊಂದರೆ ಇನ್ನೂ ಹೆಚ್ಚು. ಇದನ್ನೆಲ್ಲ ಬಲ್ಲವರು ಮುಹೂರ್ತಕ್ಕೆ ಅರ್ಧ ಗಂಟೆ ಮುಂಚೆ ಮಂಟಪಕ್ಕೆ ಬಂದು ಎರಡು ಫೋಟೊ ತೆಗೆದು ನೋಡುತ್ತಾರೆ, ಬಣ್ಣದ ದೀಪ ಆರಿಸಿ ಎನ್ನುತ್ತಾರೆ. ‘ಧಾರೆಯ ಹೊತ್ತಿಗೆ ಮಂಟಪದಲ್ಲಿ ಯಾವ ಬೆಳಕು ಕೇಳ್ತೀರಿ?’ ಎಂದು ಒಂದು ಪ್ರಶ್ನೆ ಹಾಕಿ. ಉತ್ತರ ಕೊಡುವ ರೀತಿಯಲ್ಲೇ ಅನುಭವ ಗೊತ್ತಾಗುತ್ತದೆ.

ಗುಂಪು ಫೋಟೊದ್ದು ಇನ್ನೊಂದು ಬಗೆಯ ತೊಂದರೆ. ಮೂರು ಸಾಲು ನಿಲ್ಲಿಸಿ ಲೆನ್ಸಿನ ಕಿಂಡಿಯನ್ನು ಅಗಲವಾಗಿ, ಎಫ್ 2.8ರಲ್ಲೇ ಬಿಟ್ಟರೆ ಮುಂದಿನ ಸಾಲು ಸ್ಪಷ್ಟ, ಹಿಂದಿನ ಸಾಲಿನ ಸೋದರಮಾವಂದಿರು ಮಸುಕು. ಕಿಂಡಿಯನ್ನು ಎಫ್ 5.6ರಿಂದ 8ರ ನಡುವಿಗೆ ಕಿರಿದು ಮಾಡಿ, ಅದಕ್ಕೆ ತಕ್ಕಷ್ಟು ಫ್ಲಾಶ್ ಕೊಡಬೇಕು. ಮಸುಕು ಹಿನ್ನೆಲೆಯನ್ನೇ ನೆಚ್ಚಿಕೊಂಡ ಕೆಲವು ಕ್ಯಾಂಡಿಡ್‌ನವರು ಇಲ್ಲಿ ಎಡವುತ್ತಾರೆ.

ಮೂರನೆಯದು ಶಾಸ್ತ್ರದ ತಿಳಿವಳಿಕೆ. ಅಂತರಪಟ ಸರಿಯುವ ಕ್ಷಣ, ಜೀರಿಗೆ ಬೆಲ್ಲ ಇಡುವ ಕ್ಷಣ, ಧಾರೆ, ಮಾಂಗಲ್ಯ, ಒಂದೊಂದೂ ಕೆಲವೇ ಸೆಕೆಂಡು. ಗಟ್ಟಿಮೇಳ ಶುರುವಾದೊಡನೆ ನೆಂಟರೆಲ್ಲ ಎದ್ದು ನಿಲ್ಲುತ್ತಾರೆ, ಮೊಬೈಲ್ ಮೇಲೇಳುತ್ತವೆ, ಅಕ್ಷತೆ ತೂರಿ ಬರುತ್ತದೆ. ಮುಂದೇನು ಎಂದು ಗೊತ್ತಿರುವವರು ಅದಕ್ಕೂ ಮೊದಲೇ ಮಂಟಪದ ಮೂಲೆಯ ಕಂಬದ ಪಕ್ಕ ಜಾಗ ಹಿಡಿದಿರುತ್ತಾರೆ. ಪಾವಗಡ, ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲು ಕಡೆಯ ತೆಲುಗು ಮನೆಮಾತಿನವರಲ್ಲಿ ಜೀರಿಗೆ ಬೆಲ್ಲವನ್ನು ತಲೆಯ ಮೇಲೆ ಇಡುವುದೇ ಮುಹೂರ್ತದ ಗಳಿಗೆ, ಮದುಮಕ್ಕಳು ಒಬ್ಬರ ತಲೆಗೊಬ್ಬರು ಅಕ್ಕಿ ಸುರಿಯುವ ತಲಂಬ್ರಾಲು ಅವರ ಮದುವೆಯ ಸೊಗಸು. ತುಮಕೂರು ಸೀಮೆಯ ವೀರಶೈವ ಮದುವೆಗಳಲ್ಲಿ ಪಂಚಕಲಶ ಇಡುತ್ತಾರೆ, ಕ್ರಮವೇ ಬೇರೆ. ನಿಕಾಹ್‌ನಲ್ಲಿ ಹೆಂಗಸರ ಕಡೆಗೆ ಗಂಡಸು ಕ್ಯಾಮೆರಾ ಹಿಡಿದು ಹೋಗುವಂತಿರುವುದಿಲ್ಲ. ನಿಮ್ಮ ಪದ್ಧತಿಯ ಒಂದು ಮದುವೆಯನ್ನಾದರೂ ಅವರು ತೆಗೆದಿದ್ದಾರೆಯೇ ಎಂದು ಕೇಳಿ. ಯಾವ ಮದುವೆಯೇ ಆಗಲಿ, ಅರಿಶಿನ ಶಾಸ್ತ್ರಕ್ಕೂ ಹೆಣ್ಣಿನ ಅಲಂಕಾರದ ಕೋಣೆಗೂ ತಂಡದಲ್ಲಿ ಒಬ್ಬ ಹೆಣ್ಣುಮಗಳು ಇದ್ದರೆ ಮದುಮಗಳಿಗೆ ಮುಜುಗರವಿಲ್ಲ. ಈಗ ಅಂಥ ಫೋಟೊಗ್ರಾಫರುಗಳು ನಮ್ಮ ಜಿಲ್ಲೆಗಳಲ್ಲೂ ಇದ್ದಾರೆ, ಹುಡುಕಿ ಕೇಳಿ.

ನಾಲ್ಕನೆಯದು, ತೆಗೆದದ್ದು ಉಳಿಯುತ್ತದೆಯೇ. ಎರಡು ಕಾರ್ಡ್ ಹಾಕುವ ಕ್ಯಾಮೆರಾ ಆದರೆ, ಹಾಗೆ ಹೊಂದಿಸಿಟ್ಟರೆ, ಒಂದೇ ಫೋಟೊ ಎರಡು ಕಡೆ ಬರೆದುಕೊಳ್ಳುತ್ತದೆ. ಒಂದು ಕಾರ್ಡ್ ಕೆಟ್ಟರೂ ಮದುವೆ ಉಳಿಯುತ್ತದೆ. ಮುಹೂರ್ತ ತೆಗೆಯುವ ಕ್ಯಾಮೆರಾಕ್ಕೆ ಇದು ಕಡ್ಡಾಯ ಎಂದೇ ಇಟ್ಟುಕೊಳ್ಳಿ. ಕ್ಯಾಮೆರಾ ಕೈಕೊಟ್ಟರೆ ಬದಲಿ ಕ್ಯಾಮೆರಾ ಇದೆಯೇ, ಛತ್ರ ಬಿಡುವ ಮೊದಲೇ ಲ್ಯಾಪ್‌ಟಾಪ್‌ಗೆ ಕಾಪಿ ಮಾಡುತ್ತಾರೆಯೇ ಎಂಬುದನ್ನೂ ಕೇಳಿ. ಕಾರ್ಡುಗಳನ್ನು ಜೇಬಿನಲ್ಲಿ ಹಾಕಿಕೊಂಡು ಮುಂದಿನ ಮದುವೆಗೆ ಹೋಗಿ, ಅಲ್ಲಿ ಅದೇ ಕಾರ್ಡನ್ನು ಅಳಿಸಿ ಬಳಸುವುದು ಇಡೀ ಮದುವೆ ಕಳೆದುಹೋಗುವ ಸುಲಭದ ದಾರಿ.

ಮಾದರಿ ನೋಡುವಾಗ

ಹತ್ತು ಮದುವೆಯ ಹತ್ತು ಚೆಂದದ ಫೋಟೊ ತೋರಿಸಿದರೆ ಏನೂ ತಿಳಿಯುವುದಿಲ್ಲ. ಒಂದೇ ಮದುವೆಯ ಐನೂರು ಆರುನೂರು ಫೋಟೊ ತೋರಿಸಿ ಎನ್ನಿ, ಅದೂ ನಿಮ್ಮದರಂಥ ಛತ್ರದ ಒಳಗಿನ, ಬೆಳಗಿನ ಜಾವದ ಮುಹೂರ್ತದ್ದು. ಮಾಂಗಲ್ಯದ ಫೋಟೊದಲ್ಲಿ ಗಂಡಿನ ಕೈ, ಗಂಟು, ಹೆಣ್ಣಿನ ಮುಖ ಮೂರೂ ಕಾಣುತ್ತವೆಯೇ? ಆರತಕ್ಷತೆಯ ಮುಖದ ಬಣ್ಣಕ್ಕೂ ಧಾರೆಯ ಮುಖದ ಬಣ್ಣಕ್ಕೂ ಹೊಂದಿಕೆ ಇದೆಯೇ? ಕಪ್ಪಗಿರುವವರನ್ನು ಸುಣ್ಣ ಬಳಿದಂತೆ ಬೆಳ್ಳಗೆ ಮಾಡಿದ್ದಾರೆಯೇ? ಈ ಕೊನೆಯದನ್ನು ಕೆಲವರು ಕೇಳದೆಯೇ ಮಾಡಿಬಿಡುತ್ತಾರೆ. ಮಗಳ ಮುಖ ಮಗಳ ಮುಖದಂತೆಯೇ ಇರಬೇಕು ಎಂದು ಮೊದಲೇ ಹೇಳಿಬಿಡಿ.

ವಿಡಿಯೊದಲ್ಲಿ ಹಾಡು ಹಾಕಿ ಕತ್ತರಿಸಿದ ಮೂರು ನಿಮಿಷದ ತುಣುಕು ಬೇಡ. ಧಾರೆಯ ಹತ್ತು ನಿಮಿಷವನ್ನು ಕತ್ತರಿಸದೆ ತೋರಿಸಲಿ. ಕಣ್ಣು ಮುಚ್ಚಿ ಶಬ್ದ ಕೇಳಿ. ಓಲಗ ಏರಿದಾಗ ಶಬ್ದ ಒಡೆಯುತ್ತದೆಯೇ, ಪುರೋಹಿತರ ಮಂತ್ರ ಕೇಳುತ್ತದೆಯೇ? ಕ್ಯಾಮೆರಾದ ಮೈಕನ್ನೇ ನಂಬಿದರೆ ಗಟ್ಟಿಮೇಳದಲ್ಲಿ ಬರುವುದು ಬರೀ ಗರಗರ. ಪುರೋಹಿತರಿಗೊಂದು ಕಾಲರ್ ಮೈಕ್, ಓಲಗಕ್ಕೆ ತಗ್ಗಿಸಿದ ಲೆವೆಲ್, ಇಷ್ಟನ್ನು ಮಾಡುವವರು ಕಡಿಮೆ, ಮಾಡುವವರನ್ನು ಬಿಡಬೇಡಿ.

ಐದು ದಾರಿ, ಅವುಗಳ ಲಾಭ ನಷ್ಟ

ಊರಿನ ಸ್ಟುಡಿಯೊ. ತಿಪಟೂರು, ಶಿರಾ, ಚಿಂತಾಮಣಿ, ಬಂಗಾರಪೇಟೆ, ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ದಶಕಗಳಿಂದ ನಡೆದುಬಂದ ಸ್ಟುಡಿಯೊಗಳಿವೆ. ಇವರ ದೊಡ್ಡ ಬಲ ಎರಡು. ಶಾಸ್ತ್ರ ಇವರಿಗೆ ಬಾಯಿಪಾಠ, ನೆಂಟರ ಮುಖವೂ ಪರಿಚಯ. ‘ಹುಡುಗೀ ಸೋದರಮಾವ ಎಲ್ಲಿ, ಬರಹೇಳಿ’ ಎಂದು ತಾವೇ ಕೂಗಿ ನಿಲ್ಲಿಸುತ್ತಾರೆ. ಇನ್ನೊಂದು, ಆಲ್ಬಂ ತಡವಾದರೆ ಅಂಗಡಿಗೆ ಹೋಗಿ ಕೂರಬಹುದು. ಊರಿನಲ್ಲಿ ಹೆಸರು ಕೆಟ್ಟರೆ ಅವರ ವ್ಯಾಪಾರವೇ ಹೋಗುತ್ತದೆ, ಹಾಗಾಗಿ ದುಡ್ಡು ತೆಗೆದುಕೊಂಡು ಕಾಣೆಯಾಗುವ ಭಯ ಕಡಿಮೆ. ಕೊರತೆ ಎಂದರೆ ಎಲ್ಲವೂ ‘ಇಲ್ಲಿ ನೋಡಿ, ಸ್ಮೈಲ್’ ಬಗೆಯ ಫೋಟೊ, ಕಣ್ಣು ಕುಕ್ಕುವ ನೇರ ಫ್ಲಾಶ್, ಆಲ್ಬಂ ಡಿಸೈನಿನಲ್ಲಿ ಹೂವು, ಚಿಟ್ಟೆ, ಮೋಡದ ಹಿನ್ನೆಲೆ. ಇದು ಬದಲಾಗುತ್ತಿದೆ, ಎರಡನೆಯ ತಲೆಮಾರಿನವರು ಕೂತ ಸ್ಟುಡಿಯೊಗಳಲ್ಲಿ ಮಿರರ್‌ಲೆಸ್ ಕ್ಯಾಮೆರಾ, ಸರಳ ಡಿಸೈನ್ ಎರಡೂ ಸಿಗುತ್ತವೆ. ದೊಡ್ಡ ಕುಟುಂಬ, ಸಾವಿರ ಜನ, ಎಲ್ಲ ನೆಂಟರದೂ ಆಲ್ಬಂನಲ್ಲಿ ಬರಬೇಕು ಎನ್ನುವ ಮನೆಗೆ ಇವರಿಗಿಂತ ಸರಿಯಾದವರಿಲ್ಲ.

ಒಬ್ಬರೇ ಕೆಲಸ ಮಾಡುವ ಕ್ಯಾಂಡಿಡ್ ಫೋಟೊಗ್ರಾಫರ್. ಜಿಲ್ಲಾ ಕೇಂದ್ರಗಳಲ್ಲಿ ಇಂಥ ಯುವಕ ಯುವತಿಯರು ಬಹಳ ಮಂದಿ. ಕಣ್ಣು ಚುರುಕು, ಎಡಿಟಿಂಗ್ ಹದ. ಮಾಲೀಕರೇ ಬರುತ್ತಾರೆ ಎಂಬುದು ಖಾತ್ರಿ. ಆದರೆ ಒಬ್ಬರೇ ಆದ್ದರಿಂದ ಜ್ವರ ಬಂದರೆ ಬದಲಿ ಯಾರು ಎಂಬುದನ್ನು ಕೇಳಿಟ್ಟುಕೊಳ್ಳಬೇಕು. ವೇದಿಕೆಯ ಸಾಲನ್ನು ಇವರಿಗೆ ಒಪ್ಪಿಸಿದರೆ ಇವರ ಕೌಶಲವೆಲ್ಲ ಅಲ್ಲೇ ಕಳೆದುಹೋಗುತ್ತದೆ. ಬರೀ ಇವರನ್ನೇ ನೆಚ್ಚಿದರೆ ‘ದೊಡ್ಡತ್ತೆಯವರದು ಒಂದೂ ಫೋಟೊ ಇಲ್ಲ’ ಎಂಬ ಮಾತು ಬರುತ್ತದೆ, ಅದು ಮನೆಯಲ್ಲಿ ವರ್ಷಗಟ್ಟಲೆ ಉಳಿಯುವ ಬೇಸರ.

ಬೆಂಗಳೂರಿನ ತಂಡ. ನಾಲ್ಕೈದು ಜನ ಬರುತ್ತಾರೆ, ಕೆಲಸ ಹಂಚಿಕೊಂಡಿರುತ್ತಾರೆ, ಸಿನಿಮಾ ಬಗೆಯ ವಿಡಿಯೊದಲ್ಲಿ ಪಳಗಿದವರು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಬೆಂಗಳೂರಿನಿಂದ ಸುಮಾರು 60-70 ಕಿ.ಮೀ., ದೂರ ದೊಡ್ಡ ವಿಷಯವಲ್ಲ ಎನಿಸುತ್ತದೆ. ತೊಡಕಿರುವುದು ಬೆಳಗಿನ ಜಾವದಲ್ಲಿ. ಆರತಕ್ಷತೆ ಮುಗಿಸಿ ಬೆಂಗಳೂರಿಗೆ ಹೋಗಿ 4ಕ್ಕೆ ವಾಪಸ್ ಬರುತ್ತೇವೆ ಎಂದರೆ ಒಪ್ಪಬೇಡಿ. ಛತ್ರದಲ್ಲೇ ಅಥವಾ ಹತ್ತಿರದ ಲಾಡ್ಜಿನಲ್ಲಿ ಎರಡು ಕೋಣೆ ಕೊಡಿಸಿ. ಪಾವಗಡ, ಮಧುಗಿರಿಯಂಥ ಕಡೆ ಮದುವೆಯಾದರೆ ಪ್ರಯಾಣದ ಖರ್ಚು ಬೇರೆ ಸೇರುತ್ತದೆ. ಕೋಣೆ, ಊಟ, ವಾಹನ, ಹೆಚ್ಚುವರಿ ಗಂಟೆ ಎಲ್ಲ ಕೂಡಿಸಿ ನೋಡಿದರೆ ಅವರು ಹೇಳಿದ ರೇಟಿಗಿಂತ ನಿಮ್ಮ ಖರ್ಚು ಹೆಚ್ಚಾಗಿರುತ್ತದೆ. ಕೆಲವು ತಂಡಗಳು ನಿಮ್ಮ ಪದ್ಧತಿಯನ್ನು ಕಂಡೇ ಇರುವುದಿಲ್ಲ. ಶಾಸ್ತ್ರಗಳ ಪಟ್ಟಿಯನ್ನು ಹೊತ್ತಿನ ಸಮೇತ ಬರೆದು ವಾರ ಮುಂಚೆ ಕಳಿಸಿದರೆ ಆ ಕೊರತೆ ಬಹುಮಟ್ಟಿಗೆ ತುಂಬುತ್ತದೆ. ದುಡ್ಡಿದ್ದು, ಫೋಟೊ ವಿಡಿಯೊದ ಮೇಲೆ ಮದುಮಕ್ಕಳಿಗೆ ನಿಜವಾದ ಆಸೆ ಇದ್ದರೆ ಇದು ಒಳ್ಳೆಯ ದಾರಿಯೇ.

ಛತ್ರದವರ ಪ್ಯಾಕೇಜ್. ಓಡಾಟ ತಪ್ಪುತ್ತದೆ ಎಂಬುದೊಂದೇ ಲಾಭ. ಯಾರು ಬರುತ್ತಾರೆ ಎಂಬುದು ಛತ್ರದವರಿಗೇ ಕೊನೆಯ ವಾರದವರೆಗೆ ಗೊತ್ತಿರುವುದಿಲ್ಲ, ಆಲ್ಬಂಗೆ ತಕರಾರು ಬಂದರೆ ಛತ್ರದವರು ಫೋಟೊದವರನ್ನು, ಫೋಟೊದವರು ಛತ್ರದವರನ್ನು ತೋರಿಸುತ್ತಾರೆ. ಫೋಟೊ ಬಿಟ್ಟು ಉಳಿದದ್ದಕ್ಕೆ ಎಷ್ಟು ಎಂದು ಕೇಳಿ. ಬಹಳ ಕಡೆ ಅದನ್ನು ಬೇರ್ಪಡಿಸಿ ಕೊಡುತ್ತಾರೆ.

ನೆಂಟರ ಹುಡುಗ. ಚಪ್ಪರ ಶಾಸ್ತ್ರ, ಬಳೆ ಶಾಸ್ತ್ರ, ಮನೆಯಲ್ಲಿ ನಡೆಯುವ ನಿಶ್ಚಿತಾರ್ಥಕ್ಕೆ ಅವನು ಸಾಕು, ಚೆನ್ನಾಗಿಯೂ ತೆಗೆಯುತ್ತಾನೆ. ಧಾರೆಗೆ ಬೇಡ. ಮದುವೆಮನೆಯಲ್ಲಿ ಅವನಿಗೂ ಹತ್ತು ಕೆಲಸ, ಅವನೂ ಊಟಕ್ಕೆ ಕೂರಬೇಕು, ಅವನೂ ಫೋಟೊದಲ್ಲಿ ಇರಬೇಕು.

ದುಡ್ಡು ಎಷ್ಟಿದ್ದರೆ ಯಾವುದು

ರೇಟು ಊರಿಗೆ, ಸೀಸನ್ನಿಗೆ ತಕ್ಕಂತೆ ಏರಿಳಿಯುತ್ತದೆ. ಕೆಳಗಿನವು ನೀವು ತೆಗೆದಿಟ್ಟಿರಬಹುದಾದ ಮೊತ್ತ, ಅದನ್ನು ಹಂಚುವ ಬಗೆ ಮಾತ್ರ.

50 ಸಾವಿರದ ಒಳಗೆ ಮುಗಿಸಬೇಕು ಎಂದರೆ ಊರಿನ ಸ್ಟುಡಿಯೊ ಒಂದನ್ನೇ ಹಿಡಿಯಿರಿ, ಇಬ್ಬರು ಬರಲಿ. ಡ್ರೋನ್, ಪ್ರಿವೆಡ್ಡಿಂಗ್, ಸಿನಿಮಾ ಬಗೆಯ ವಿಡಿಯೊ ಬಿಡಿ. ಆಲ್ಬಂ ಶೀಟು ಇಳಿಸಿ, ಆದರೆ ಫೋಟೊಗಳೆಲ್ಲ ಪೂರ್ತಿ ಗಾತ್ರದಲ್ಲಿ ಕೈಗೆ ಬರಲಿ. ಕೈ ಸಡಿಲವಾದ ಮೇಲೆ ಆಲ್ಬಂ ಇನ್ನೊಂದು ಮಾಡಿಸಬಹುದು, ಮುಹೂರ್ತವನ್ನು ಇನ್ನೊಮ್ಮೆ ತೆಗೆಸಲು ಬರುವುದಿಲ್ಲ.

ಒಂದು ಲಕ್ಷದ ಆಸುಪಾಸು ಇದ್ದರೆ ಬೆರಕೆಯೇ ಒಳ್ಳೆಯದು: ವೇದಿಕೆಗೂ ವಿಡಿಯೊಗೂ ಊರಿನ ಸ್ಟುಡಿಯೊ, ಜೊತೆಗೆ ಒಬ್ಬ ಕ್ಯಾಂಡಿಡ್ ಫೋಟೊಗ್ರಾಫರ್. ನಮ್ಮ ಕಡೆಯ ಬಹುಪಾಲು ಮದುವೆಗಳಿಗೆ ಹೊಂದುವುದು ಇದೇ. ಇಬ್ಬರನ್ನೂ ಮೊದಲೇ ಮಾತಾಡಿಸಿ, ಧಾರೆಯ ಹೊತ್ತಿಗೆ ಯಾರು ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸಿಬಿಡಿ. ವಿಡಿಯೊದವರು ಎದುರು, ಸ್ಟುಡಿಯೊದ ಫೋಟೊಗ್ರಾಫರ್ ಹೆಣ್ಣಿನ ಕಡೆಯ ಓರೆಯಲ್ಲಿ, ಕ್ಯಾಂಡಿಡ್‌ನವರು ಗಂಡಿನ ಕಡೆಯ ಓರೆಯಲ್ಲಿ ಉದ್ದ ಲೆನ್ಸ್ ಹಿಡಿದು ಸ್ವಲ್ಪ ದೂರದಲ್ಲಿ. ಹೀಗೆ ಆಗದಿದ್ದರೆ ಒಬ್ಬರ ಫೋಟೊದಲ್ಲಿ ಇನ್ನೊಬ್ಬರ ಬೆನ್ನು ಬರುತ್ತದೆ.

ಎರಡು ಲಕ್ಷ ದಾಟುವವರು ತಂಡಕ್ಕೆ ಹೋಗಬಹುದು. ಆಗಲೂ ತಂಡದಲ್ಲಿ ವೇದಿಕೆಯ ಸಾಲನ್ನು ಮಾತ್ರ ನೋಡಿಕೊಳ್ಳಲು ಒಬ್ಬರು ಇದ್ದಾರೆಯೇ ನೋಡಿ; ಇಲ್ಲದಿದ್ದರೆ ಊರಿನ ಸ್ಟುಡಿಯೊದಿಂದ ಆ ಸಂಜೆಗೆ ಒಬ್ಬರನ್ನು ಕರೆಸಿ.

ಹೆಣ್ಣಿನ ಕಡೆಯವರು ಒಬ್ಬರನ್ನು, ಗಂಡಿನ ಕಡೆಯವರು ಇನ್ನೊಬ್ಬರನ್ನು ಕರೆತರುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಖರ್ಚೂ ಎರಡು, ಮಂಟಪದಲ್ಲಿ ನೂಕಾಟವೂ ಎರಡು. ಬೀಗರ ಜೊತೆ ಕೂತು ಮಾತಾಡಿ ಧಾರೆಗೆ ಒಂದೇ ತಂಡ ಎಂದು ಒಪ್ಪಿಕೊಳ್ಳುವುದು ಎಲ್ಲಕ್ಕಿಂತ ಹಿತ. ಗಂಡಿನ ಕಡೆಯವರು ತಮ್ಮ ಊರಿನಲ್ಲಿ ನಡೆಸುವ ಬೀಗರ ಊಟಕ್ಕೆ ತಮ್ಮವರನ್ನು ಇಟ್ಟುಕೊಳ್ಳಲಿ. ಹೆಣ್ಣಿನ ಅಪ್ಪ ಅಮ್ಮ ಇದನ್ನು ನೇರವಾಗಿ ಹೇಳಲು ಹಿಂಜರಿದರೆ ಮದುಮಕ್ಕಳೇ ಮಾತಾಡಿಕೊಳ್ಳಬಹುದು.

ಪ್ಯಾಕೇಜಿನಲ್ಲಿ ಉಬ್ಬಿಸುವ ಬಾಬತ್ತುಗಳು

ಡ್ರೋನ್: ಹಾಲಿನ ಒಳಗಡೆ ಮಂಟಪದ ಮೇಲೆ ಹಾರಿಸಿದರೆ ಅದರ ಗಾಳಿಗೆ ಹೋಮದ ಬೂದಿ, ಹೂವಿನ ಎಸಳು ಎಲ್ಲ ಹಾರುತ್ತವೆ, ಶಬ್ದದಲ್ಲಿ ಮಂತ್ರ ಕೇಳುವುದಿಲ್ಲ. ಹೊರಗಡೆ ಮೆರವಣಿಗೆಗೆ ಚೆನ್ನ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರಿದ ಡ್ರೋನನ್ನು ವ್ಯವಹಾರಕ್ಕಾಗಿ ಹಾರಿಸುವವರ ಬಳಿ ರಿಮೋಟ್ ಪೈಲಟ್ ಪ್ರಮಾಣಪತ್ರ ಇರಬೇಕು, ಡ್ರೋನ್ ನೋಂದಣಿಯಾಗಿರಬೇಕು. ಚಿಕ್ಕಬಳ್ಳಾಪುರ ಜಿಲ್ಲೆಯ ಪಕ್ಕದಲ್ಲೇ ದೇವನಹಳ್ಳಿಯ ವಿಮಾನ ನಿಲ್ದಾಣ ಇರುವುದರಿಂದ ಆ ಕಡೆಯ ಜಾಗಗಳಿಗೆ ಡ್ರೋನ್ ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯನ್ನು ನೋಡಿಯೇ ಹಾರಿಸಬೇಕು.

ಪ್ರಿವೆಡ್ಡಿಂಗ್: ನಂದಿ ಗ್ರಾಮದ ಭೋಗನಂದೀಶ್ವರ, ಕೋಲಾರದ ಸೋಮೇಶ್ವರ ಮತ್ತು ಕೋಲಾರಮ್ಮ ಗುಡಿಗಳು ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಟ್ರೈಪಾಡ್, ಲೈಟು ಹಿಡಿದು ಹೋದರೆ ಅನುಮತಿ ಕೇಳುತ್ತಾರೆ. ಅನುಮತಿ ಯಾರು ತರಬೇಕು, ಶುಲ್ಕ ಯಾರದು ಎಂಬುದು ಪ್ಯಾಕೇಜಿನಲ್ಲಿ ಬರೆದಿರಲಿ.

ಯೂಟ್ಯೂಬ್ ಲೈವ್: ಹೊಸ ಚಾನೆಲ್‌ಗೆ ಲೈವ್ ಸೌಲಭ್ಯ ತೆರೆಯಲು 24 ಗಂಟೆ ಹಿಡಿಯಬಹುದು, ಅಂದಿನ ದಿನ ಶುರು ಮಾಡಹೋದರೆ ಆಗುವುದಿಲ್ಲ. ಹಾಲಿನ ಒಳಗೆ ಸಾವಿರ ಮೊಬೈಲ್ ಸೇರಿದಾಗ ನೆಟ್‌ವರ್ಕ್ ಕುಸಿಯುತ್ತದೆ. ಛತ್ರದಲ್ಲಿ ಫೈಬರ್ ಲೈನ್ ಇದೆಯೇ ಕೇಳಿ. ಸಿನಿಮಾ ಹಾಡು ಜೋರಾಗಿ ಹಾಕಿದರೆ ಹಕ್ಕುಸ್ವಾಮ್ಯದ ಕಾರಣಕ್ಕೆ ಲೈವ್ ನಿಂತುಹೋಗಬಹುದು.

ಆಲ್ಬಂ: 12x36 ಇಂಚು ಎಂದರೆ ಬಿಚ್ಚಿದಾಗಿನ ಅಳತೆ, ಒಂದು ಪುಟ 12x18. 40 ಶೀಟಿಗೆ ಶೀಟಿಗೆ ಆರರಂತೆ 240 ಫೋಟೊ ಹಿಡಿಯುತ್ತವೆ. ತೆಗೆದದ್ದು ನಾಲ್ಕು ಸಾವಿರ ಇದ್ದರೆ ಆರಿಸುವುದೇ ದೊಡ್ಡ ಕೆಲಸ, ಆಲ್ಬಂ ತಡವಾಗುವುದಕ್ಕೆ ಮುಖ್ಯ ಕಾರಣವೂ ಅದೇ: ಮದುವೆಯಾದ ಮೇಲೆ ಮನೆಯವರು ತಿಂಗಳುಗಟ್ಟಲೆ ಆರಿಸಿ ಕೊಡುವುದಿಲ್ಲ. ‘ಇನ್ನೆರಡು ಶೀಟು ಬೇಕಾಗುತ್ತೆ’ ಎಂಬ ಮಾತು ಬಂದೇ ಬರುತ್ತದೆ, ಹೆಚ್ಚುವರಿ ಶೀಟಿನ ರೇಟನ್ನು ಈಗಲೇ ಬರೆಸಿಕೊಳ್ಳಿ. ಹರಿಯದ ಕಾಗದ ಮತ್ತು ಸಾದಾ ಕಾಗದ ಎರಡರ ಹಳೆಯ ಆಲ್ಬಂ ಕೈಯಲ್ಲಿ ಹಿಡಿದು ನೋಡಿ. ಮಕ್ಕಳಿರುವ ಮನೆಗೆ ಮೊದಲನೆಯದೇ ವಾಸಿ.

ಡೇಟಾ: 4ಕೆ ವಿಡಿಯೊ ಸೆಕೆಂಡಿಗೆ 100 ಮೆಗಾಬಿಟ್, ಅಂದರೆ 100 ಎಂಬಿಪಿಎಸ್‌ನಲ್ಲಿ ತೆಗೆದರೆ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ ಎಂಟೆಂಟು ಗಂಟೆ ಓಡಿದರೆ 720 ಜಿಬಿ. ಪೆನ್‌ಡ್ರೈವ್‌ನಲ್ಲಿ ಕೊಡುತ್ತೇವೆ ಎಂದರೆ ಕುಗ್ಗಿಸಿ ಕೊಡುತ್ತಾರೆ ಎಂದೇ ಅರ್ಥ. 2 ಟಿಬಿ ಹಾರ್ಡ್‌ಡಿಸ್ಕ್ ನೀವೇ ಕೊಂಡು ಕೊಟ್ಟು, ತುಂಬಿಸಿ ತನ್ನಿ. ಅದನ್ನು ಇನ್ನೊಂದಕ್ಕೆ ಕಾಪಿ ಮಾಡಿ ಬೇರೆ ಮನೆಯಲ್ಲಿಡಿ. ಸ್ಟುಡಿಯೊದವರು ಸದಾಕಾಲ ಇಟ್ಟುಕೊಂಡಿರುವುದಿಲ್ಲ.

ಬರವಣಿಗೆಯಲ್ಲಿ ಇರಬೇಕಾದದ್ದು

ಬಿಳಿ ಹಾಳೆಯ ಮೇಲೆ ಬರೆದರೂ ಸರಿ, ವಾಟ್ಸ್ಆ್ಯಪ್‌ನಲ್ಲಿ ಇಬ್ಬರೂ ‘ಒಪ್ಪಿಗೆ’ ಎಂದು ಹಾಕಿದರೂ ಸರಿ. ಬರುವವರ ಹೆಸರು, ಎಷ್ಟು ಜನ; ಶುರು ಮತ್ತು ಕೊನೆಯ ಹೊತ್ತು, ಹೆಚ್ಚಾದರೆ ಗಂಟೆಗೆ ಎಷ್ಟು; ಫೋಟೊ, ವಿಡಿಯೊ, ಆಲ್ಬಂ ಕೊಡುವ ಬೇರೆ ಬೇರೆ ದಿನಾಂಕ; ಡಿಸೈನ್ ತಿದ್ದುಪಡಿ ಎಷ್ಟು ಸಲ. ಸೂತಕ ಬಂದು ಮದುವೆ ಮುಂದೆ ಹೋದರೆ ಅಡ್ವಾನ್ಸ್ ಏನಾಗುತ್ತದೆ ಎಂಬುದನ್ನು ಬಾಯಲ್ಲಿ ಆಡಲು ಯಾರಿಗೂ ಮನಸ್ಸು ಬರುವುದಿಲ್ಲ, ಆದರೆ ಒಂದು ಸಾಲು ಬರೆದಿಡಿ: ಇನ್ನೊಂದು ದಿನಕ್ಕೆ ಅದೇ ಅಡ್ವಾನ್ಸ್ ಹೊಂದಿಸಬೇಕು.

ದುಡ್ಡನ್ನು ಮೂರು ಕಂತಿನಲ್ಲಿ ಕೊಡಿ. ಬುಕ್ ಮಾಡುವಾಗ ಶೇ 30, ಮುಹೂರ್ತದ ದಿನ ಶೇ 40, ಆಲ್ಬಂ ಕೈಗೆ ಬಂದಾಗ ಶೇ 30. ಮದುವೆಯ ಗದ್ದಲದಲ್ಲೇ ಪೂರ್ತಿ ಕೊಟ್ಟುಬಿಟ್ಟರೆ ಆಲ್ಬಂ ಮುಂದಿನ ಸೀಸನ್ ದಾಟುವುದುಂಟು.

ಫೋಟೊ ಯಾರ ಸ್ವತ್ತು ಎಂಬ ಗೊಂದಲವೂ ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕು ತೆಗೆಸಿದವರದು, ಬೇರೆ ಒಪ್ಪಂದ ಇಲ್ಲದಿದ್ದರೆ. ಆದ್ದರಿಂದ ಅವರು ಕೊಡುವ ಅಚ್ಚು ಮಾಡಿದ ಫಾರಂನಲ್ಲಿ ‘ಹಕ್ಕು ಸ್ಟುಡಿಯೊದ್ದು’ ಎಂಬ ಸಾಲಿದ್ದರೆ ಓದಿಯೇ ಸಹಿ ಹಾಕಿ. ಮದುಮಗಳ ಫೋಟೊ ಅವರ ಇನ್‌ಸ್ಟಾಗ್ರಾಂನಲ್ಲಿ ಹಾಕಬಹುದೇ ಎಂಬುದನ್ನು ಅವಳನ್ನೇ ಕೇಳಿ ಬರೆಯಿರಿ. ಕೆಲವರು ಇದಕ್ಕೆ ಒಪ್ಪಿದರೆ ರೇಟಿನಲ್ಲಿ ಸ್ವಲ್ಪ ಬಿಡುತ್ತಾರೆ.

ಮಾತು ತಪ್ಪಿದವರ ಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ನೀವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು, ತಂಡ ಬೆಂಗಳೂರಿನದಾದರೂ ತುಮಕೂರಿನವರು ತುಮಕೂರಿನಲ್ಲೇ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಅರ್ಜಿ ಶುಲ್ಕವಿಲ್ಲ. ಬಿಲ್ಲು, ಪಾವತಿಯ ದಾಖಲೆ, ಒಪ್ಪಂದದ ಹಾಳೆ ಇರಬೇಕು ಅಷ್ಟೆ.

ಮದುವೆಯ ದಿನ ಎರಡೂ ಕಡೆಯಿಂದ ನೆಂಟರನ್ನೆಲ್ಲ ಬಲ್ಲ ಒಬ್ಬೊಬ್ಬರನ್ನು ಫೋಟೊದವರ ಜೊತೆ ಬಿಡಿ. ಅವರ ಕೈಯಲ್ಲಿ ಬೇಕೇಬೇಕಾದ ಗುಂಪುಗಳ ಪಟ್ಟಿ ಇರಲಿ, ಹದಿನೈದು ಗುಂಪು ಮೀರದಂತೆ, ವಯಸ್ಸಾದವರು ಮೊದಲು. ಫೋಟೊದವರಿಗೆ ಮೊದಲ ಪಂಕ್ತಿಯಲ್ಲೇ ಊಟ ಹಾಕಿಸಿ. ಮಂಟಪದಲ್ಲಿ ಏನೂ ನಡೆಯದ ಹೊತ್ತು ಅದೊಂದೇ. ಆಲ್ಬಂ ಬಂದ ದಿನ ಶೀಟು ಎಣಿಸಿ, ಹೆಸರುಗಳ ಅಕ್ಷರ ನೋಡಿ, ಹಾರ್ಡ್‌ಡಿಸ್ಕ್ ತೆರೆದು ಧಾರೆಯ ವಿಡಿಯೊ ಕೊನೆಯವರೆಗೂ ಓಡುತ್ತದೆಯೇ ಪರೀಕ್ಷಿಸಿ, ಆಮೇಲೆ ಬ್ಯಾಲೆನ್ಸ್ ಕೊಡಿ.